ಗೋಡೆ ತಿನ್ನುವ ಕಾಯಿಲೆ

ಪಶು ಆಹಾರದ ಕಾರ್ಖಾನೆಯಲ್ಲಿ ಹಿಂಡಿಯನ್ನು ಸುಟ್ಟು, ಬೂದಿಯಲ್ಲಿ ಸುಣ್ಣವೆಷ್ಟು, ತಾಮ್ರವೆಷ್ಟು, ಸತುವೆಷ್ಟು ಎಂದು ಅಳೆಯುವವನು ನಾನು. ಇಂಥವನ ಹಿತ್ತಿಲಿನ ಹಸುವೇ ಗೋಡೆ ನೆಕ್ಕಿದರೆ ಮಾನ ಉಳಿಯುತ್ತದೆಯೇ, ನೀವೇ ಹೇಳಿ.

ಅಡುಗೆಮನೆಗೂ ಕೊಟ್ಟಿಗೆಗೂ ನಡುವೆ ಇದ್ದದ್ದು ಒಂದೇ ಮಣ್ಣಿನ ಗೋಡೆ. ಅದರ ಕಿಟಕಿಯ ಕೆಳಗೆ ಅಂಗೈಯಗಲ ಮಣ್ಣು ಮಾಯವಾಗಿತ್ತು. ಪಕ್ಕದಲ್ಲೇ ನಮ್ಮ ಹಸು (ಗತ್ತು ನೋಡಿ ಮಹಾರಾಣಿ ಎಂದು ಕರೆಯುತ್ತೇವೆ) ದೂರದ ಮೋಡ ನೋಡುತ್ತ ಮೆಲುಕು ಹಾಕುತ್ತಿತ್ತು. ಕಿಟಕಿಯಾಚೆ ನನ್ನಾಕೆಯೂ ಅದೇ ಮೋಡ ನೋಡುತ್ತ ನಿಂತಿದ್ದಳು.

"ಖನಿಜಾಂಶದ ಕೊರತೆ" ಎಂದು ನಾನು ತೀರ್ಪು ಕೊಟ್ಟೆ.

"ಇರಬಹುದು" ಎಂದಳು ಮೋಡದಿಂದ ಕಣ್ಣು ಕೀಳದೆ.

ಮರುದಿನವೇ ಉಪ್ಪು, ಖನಿಜಗಳನ್ನು ನನ್ನದೇ ಹದದಲ್ಲಿ ಬೆರೆಸಿ, ದನ ನೆಕ್ಕುವ ಗಟ್ಟಿಯೊಂದನ್ನು ಮಾಡಿಸಿ ತಂದು ಗೂಟಕ್ಕೆ ಕಟ್ಟಿದೆ. ಗಟ್ಟಿ ಮಂಜಿನಂತೆ ಕರಗತೊಡಗಿತು. ಕಾರ್ಖಾನೆಯಲ್ಲಿ ನನ್ನ ಕಾಲು ನೆಲಕ್ಕೆ ತಾಗಲಿಲ್ಲ. ಯಾವ ಹಸುವೂ ಇಷ್ಟು ಆಸೆಪಟ್ಟು ನೆಕ್ಕಿದ್ದಿಲ್ಲ ಎಂದು ಕೊಚ್ಚಿಕೊಂಡೆ. ಮ್ಯಾನೇಜರು ಕಣ್ಣಾರೆ ನೋಡಬೇಕೆಂದು ಒಂದು ಮಧ್ಯಾಹ್ನ ನನ್ನ ಜೊತೆಗೇ ಹೊರಟರು.

ಆಗಷ್ಟೇ ಹನಿ ಬಿದ್ದು ನಿಂತಿತ್ತು. ಒದ್ದೆ ಮಣ್ಣಿನ ಘಮ ಹಿತ್ತಿಲು ತುಂಬಿ, ಬಿಸಿಲೂ ಹಬೆಯೂ ಒಂದಾಗಿ ತೇಲುತ್ತಿದ್ದವು. ಆ ಬೆಳಕಿನಲ್ಲಿ ನನ್ನಾಕೆ ಮಹಾರಾಣಿಗೆ ಒರಗಿ ಸ್ಟೂಲಿನ ಮೇಲೆ ಕೂತು, ಚಮಚದಿಂದ ಗಟ್ಟಿ ಕೆರೆದು ಕೆರೆದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಕಣ್ಣು ಅರ್ಧ ಮುಚ್ಚಿತ್ತು.

ಮ್ಯಾನೇಜರು ಸಭ್ಯಸ್ಥರು. "ಪ್ರಯೋಗ ನಡೀತಿರೋದು ಯಾರ ಮೇಲೆ?" ಎಂದಷ್ಟೇ ಮೆಲ್ಲಗೆ ಕೇಳಿ, ಏನೋ ಕೆಲಸ ನೆನಪಾಯಿತೆಂದು ಹೊರಟುಹೋದರು.

"ಮೊದಲು ಗೋಡೆ ತಿಂತಿದ್ದೆ" ಎಂದಳು ನನ್ನಾಕೆ, ಬೇರೆಲ್ಲೋ ಇದ್ದವಳಂತೆ. "ಮಣ್ಣಿನ ವಾಸನೆ ಕನಸಲ್ಲೂ ಬಂದು ಕರೆಯುತ್ತೆ ರೀ. ಆಮೇಲೆ ನೀವು ಇದನ್ನ ತಂದು ಕಟ್ಟಿದ್ರಿ."

"ನಂಗೆ ಒಂದು ಮಾತು ಹೇಳಬಾರದಿತ್ತಾ?"

"ತುಂಬಾ ಸುಸ್ತು ಅಂತ ಹೇಳಿದ್ನಲ್ಲ. ನೀವು ಮಹಾರಾಣಿ ಹಲ್ಲು ನೋಡ್ತಾ, ಹುಲ್ಲು ಬದಲಾಯಿಸ್ತೀನಿ ಅಂದ್ರಿ."

ದನಕ್ಕೆ ಬೆರೆಸಿದ ತಾಮ್ರ ಮನುಷ್ಯರಿಗೆ ಎಷ್ಟು ಅಪಾಯವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಚಮಚ ಕಿತ್ತುಕೊಂಡು, ಸಿಕ್ಕಿದ ಆಟೋದಲ್ಲಿ ಆಕೆಯನ್ನು ಕೂರಿಸಿಕೊಂಡು ಆಸ್ಪತ್ರೆಗೆ ಓಡಿದೆ.

ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದರು. ತಾಮ್ರದಿಂದ ಅಪಾಯವಾಗಿರಲಿಲ್ಲ, ಆದರೆ ಕಬ್ಬಿಣದ ಅಂಶ ಪಾತಾಳ ಸೇರಿತ್ತು. ಜೊತೆಗೆ ಮನೆಗೆ ಮಗು ಬರುವ ಸುದ್ದಿಯನ್ನೂ ಅವರೇ ಹೇಳಿದರು. ಗಟ್ಟಿ, ಗೋಡೆ ಎರಡನ್ನೂ ಮುಟ್ಟಕೂಡದೆಂದು ಗದರಿ, ಮಾತ್ರೆ ಬರೆದು, ಸೊಪ್ಪು, ಬೇಳೆ, ಮೊಟ್ಟೆ ಹೊಟ್ಟೆ ತುಂಬ ತಿನ್ನಿಸಿ ಎಂದರು. ನಾನೇನು ಕೆಲಸ ಮಾಡುತ್ತೇನೆಂದು ವಿಚಾರಿಸಿದರು. ಗುಮಾಸ್ತ ಎಂದೆ.

ಹಿಂತಿರುಗುವಾಗ ಆಕೆ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆಹೋದಳು. ಇಷ್ಟು ಹಗುರಾಗಿದ್ದಾಳೆಂದು ನನಗೆ ಆಗಲೇ ತಿಳಿದದ್ದು.

ಸಂಜೆ ಅಡುಗೆಮನೆಯನ್ನು ನಾನೇ ವಶಪಡಿಸಿಕೊಂಡೆ. ತಕ್ಕಡಿ ಹಿಡಿದು ಕಬ್ಬಿಣಕ್ಕೆ ಸೊಪ್ಪು, ಸತುವಿಗೆ ಬೇಳೆ, ಕಬ್ಬಿಣ ಮೈಗೆ ಹತ್ತಲೆಂದು ನಿಂಬೆರಸ, ಎಲ್ಲವನ್ನೂ ತೂಗಿ ಬೇಯಿಸಿದೆ. ತಟ್ಟೆ ಮುಂದಿಟ್ಟು, ಮನುಷ್ಯನ ದೇಹಕ್ಕೆ ಬೇಕಾದ ಸಕಲ ಖನಿಜವೂ ಇದರಲ್ಲಿದೆ ಎಂದು ಘೋಷಿಸಿದೆ.

ಆಕೆ ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ನಾನು ಎದುರು ಕೂತು ಕಾದೆ.

"ಚೆನ್ನಾಗಿದೆ" ಎಂದಳು. "ಉಪ್ಪು ಹಾಕೋದು ಮರೆತಿದೀರಿ."