ಎದಿಮಟ ನೀರು

ಮನುಷ್ಯ ಬೇರೆ ಯಾರ ಮುಂದಾದರೂ ಸಣ್ಣವನಾಗಬಹುದು, ಬೀಗರ ಮುಂದೆ ಮಾತ್ರ ಆಗಬಾರದು. ಈ ನಂಬಿಕೆಯೇ ನನ್ನನ್ನು ಮುಳುಗಿಸಿತು. ಮುಳುಗಿಸಿತು ಎನ್ನುವುದೂ ಪೂರ್ತಿ ನಿಜವಲ್ಲ, ಆ ವಿಷಯ ಮುಂದೆ ಬರುತ್ತದೆ. ಮಗಳ ನಿಶ್ಚಯದ ದಿನ ಇಂಡಿ ಊರಿನ ಬೀಗರು ತಮ್ಮ ನಿಂಬೆ ತೋಟ, ತೋಟದ ಬಾವಿ, ಚಿಕ್ಕಂದಿನಲ್ಲಿ ತಾವು ಆ ಬಾವಿಗೆ ಜಿಗಿಯುತ್ತಿದ್ದ ಪರಿ ಎಲ್ಲವನ್ನೂ ಬಣ್ಣಿಸಿದರು. ಕಚೇರಿಯ ಗುಮಾಸ್ತನಾದ ನನಗೆ ಬಣ್ಣಿಸಿಕೊಳ್ಳಲು ಇದ್ದದ್ದು ಒಂದು ಕುರ್ಚಿ, ಅದೂ ಸರ್ಕಾರದ್ದು. ಬಾಯಿ ಸುಮ್ಮನಿರಬೇಕಲ್ಲ! “ನಾವು ಕೃಷ್ಣಾ ದಂಡಿ ಮಂದಿರಿ. ನಡಿಯೂದಕ್ಕಿಂತ ಮದಲ ಈಸೂದ ಕಲೀತೇವಿ” ಎಂದುಬಿಟ್ಟೆ. ದಂಡೆಯವನೆಂಬುದು ಸುಳ್ಳಲ್ಲ. ಆದರೆ ನಾನು ಹೊಳೆಯ ಹತ್ತಿರ ಹೋದವನಲ್ಲ. ಅಣೆಕಟ್ಟು ತುಂಬಿದ ಮೇಲೆ ಹೊಳೆಯೇ ನಮ್ಮ ಊರಿನ ಅಂಚಿಗೆ ಬಂತು. ಬಂದು ಇಷ್ಟು ವರ್ಷವಾದರೂ ನಮ್ಮಿಬ್ಬರದು ದೂರದ ಪರಿಚಯ. ನಾನು ಈಜುವುದನ್ನು ನನ್ನ ಹೆಂಡತಿ ನೋಡಿಲ್ಲ, ನಾನೂ ನೋಡಿಲ್ಲ.

ಕಳೆದ ತಿಂಗಳು ಬೀಗರು ತಮ್ಮ ಸೊಸೆಯಾದ ನಮ್ಮ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಮರುದಿನ ಬೆಳಿಗ್ಗೆ ಚಹಾದ ಕಪ್ಪು ಕೆಳಗಿಡುತ್ತಲೇ, “ಬೀಗ್ರ, ನಡ್ರಿ, ಹೊಳ್ಯಾಗ ಈಸಿ ಬರೂಣು” ಎಂದರು. ನನಗೆ ತಕ್ಷಣ ನೆಗಡಿ ಬಂತು. ಮೊಣಕಾಲು ನೋವೂ ಬಂತು. ಎರಡನ್ನೂ ಹೇಳಿ ಮುಗಿಸುವಷ್ಟರಲ್ಲಿ ನನ್ನ ಹೆಂಡತಿ ಶಾಂತಾ ಟಾವೆಲ್ಲು, ಚಡ್ಡಿ ಮಡಚಿ ತಂದು ಕೈಯಲ್ಲಿಟ್ಟಳು. “ಹೋಗಿ ಬರ್ರಿ. ನೀವು ಈಸಿ ಭಾಳ ದಿನ ಆತು” ಎಂದಳು. ಆ ‘ಭಾಳ ದಿನ’ದಲ್ಲಿ ನಮ್ಮ ಸಂಸಾರದ ಅಷ್ಟೂ ವರ್ಷಗಳು ಸೇರಿದ್ದವು.

ಊರು ಮುಗಿದು ನೀರು ಶುರುವಾಗುವಲ್ಲಿ ಹಾಸಬಂಡಿ ಎಂಬ ಜಾಗವಿದೆ. ಮೆಟ್ಟಿಲಿಲ್ಲ, ಫಲಕವಿಲ್ಲ. ನೀರಿನ ಕಡೆಗೆ ಇಳಿಜಾರಾಗಿ ಮಲಗಿದ ಅಗಲವಾದ ಬಂಡೆಗಳು, ಅಂಗಿ ತೂಗುಹಾಕಲು ಒಂದು ಜಾಲಿ ಗಿಡ, ಅಷ್ಟೇ. ಬೆಳಗಾದರೆ ಊರಿನ ಅರ್ಧ ಗಂಡಸರು ಅಲ್ಲಿರುತ್ತಾರೆ. ಬರೀ ಚಡ್ಡಿಯಲ್ಲಿ ನಿಂತಾಗ ಎಲ್ಲರ ಹುದ್ದೆಯೂ ಒಂದೇ. ಹೊಟ್ಟೆಯ ಲೆಕ್ಕದಲ್ಲಿ ಮಾತ್ರ ಅಂದು ನಾನೇ ಮೇಲಧಿಕಾರಿ. ನಮ್ಮ ಮನೆಗೆ ಹಾಲು ಹಾಕುವ ಲಾಲಸಾಬ ಅಲ್ಲಿ ಎಮ್ಮೆ ತೊಳೆಯುತ್ತಿದ್ದ. “ನೀರು ಎಷ್ಟ ಐತೋ ಲಾಲಸಾಬ?” ಎಂದು ಕೇಳಿದೆ. “ಎದಿಮಟ ಐತ್ರಿ ಸಾಹೇಬ್ರ” ಎಂದ. ನನಗೆ ಜೀವ ಬಂದಂತಾಯಿತು. ಎದೆಮಟ್ಟದ ನೀರಿನಲ್ಲಿ ಕಾಲು ನೆಲದ ಮೇಲೇ ಇರುತ್ತದೆ. ಕೈ ಆಡಿಸುತ್ತ ನಡೆದರೆ ದಂಡೆಯ ಮೇಲಿದ್ದವರಿಗೆ ಈಜಿದಂತೆಯೇ ಕಾಣುತ್ತದೆ. ಪಕ್ಕದಲ್ಲಿ ಬೀಗರೂ ಯಾಕೋ ಉಸಿರು ಬಿಟ್ಟರು.

ಪಾಚಿಯ ಮೇಲೆ ಜಾರುತ್ತ, ಬಂಡೆಯನ್ನು ತಬ್ಬಿಕೊಂಡು ಇಳಿದೆ. ನೀರು ತೊಡೆಯವರೆಗೆ ಬಂದು ನಿಂತಿತು. ಇನ್ನಷ್ಟು ಮುಂದೆ ಹೋದೆ, ಅಲ್ಲೂ ತೊಡೆಯೇ. “ಎದಿಮಟ ಅಂದ್ಯಲ್ಲೋ!” ಎಂದೆ.

“ಹೌದ್ರಿ. ಎಮ್ಮಿ ಎದಿಮಟ. ಇಲ್ಲಿ ನಾವು ಎಮ್ಮಿ ಇಳಸ್ತೇವ್ರಿ. ನಿಮಗ ಆಳ ಬೇಕಂದ್ರ ಆ ಬಂಡಿ ದಾಟ್ರಿ.”

ನನಗೆ ಆಳ ಬೇಕಾಗಿರಲಿಲ್ಲ. ಆದರೆ ತೊಡೆಮಟ್ಟದ ನೀರಿನಲ್ಲಿ ನಿಂತವನನ್ನು ಯಾರೂ ಈಜುಗಾರ ಎನ್ನುವುದಿಲ್ಲ. ಕುಕ್ಕರುಗಾಲಿನಲ್ಲಿ ಕೂತು, ನೀರನ್ನು ಗದ್ದದವರೆಗೆ ತಂದುಕೊಂಡು, ಕೈ ಆಡಿಸುತ್ತ ಹೊರಟೆ. ಬೆಳಿಗ್ಗೆ ಸುಳ್ಳಾಗಿದ್ದ ಮೊಣಕಾಲು ನೋವು ಈಗ ನಿಜವಾಯಿತು. ಸ್ವಲ್ಪ ಹೊತ್ತಿಗೆ, ಬಂಡೆಯ ಇನ್ನೊಂದು ತುದಿಯಿಂದ ಇಳಿದಿದ್ದ ಬೀಗರ ತಲೆ ಎದುರಿನಿಂದ ಬಂತು. ಅದೂ ನನ್ನದರಂತೆಯೇ ಏರದೆ ಇಳಿಯದೆ, ಮೆಲ್ಲಗೆ ತೆವಳುತ್ತ ಬರುತ್ತಿತ್ತು. ಲಾಲಸಾಬ ಎಮ್ಮೆ ತಿಕ್ಕುವುದನ್ನು ನಿಲ್ಲಿಸಿ, “ಸಾಹೇಬ್ರ, ಇಬ್ರೂ ಕೂಡಿ ಏನ ಹುಡಕಾಕತ್ತೀರಿ?” ಎಂದು ಕೂಗಿದ.

ಬೀಗರು ತಡಮಾಡದೆ, “ಉಂಗುರ್ರಿ! ಬೀಗ್ರ ಉಂಗುರ ಬಿದ್ದೈತಿ!” ಎಂದರು. ಅವರ ನಿಂಬೆ ತೋಟದ ಬಾವಿಯೂ ನನ್ನ ಕೃಷ್ಣೆಯೂ ಒಂದೇ ಆಳದವು ಎಂದು ಆಗ ತಿಳಿಯಿತು. ಅವರ ಮೇಲೆ ಅಷ್ಟು ಪ್ರೀತಿ ನನಗೆ ಎಂದೂ ಉಕ್ಕಿರಲಿಲ್ಲ. ಆದರೆ ಉಂಗುರ ಎಂಬ ಮಾತು ಕಿವಿಗೆ ಬೀಳುತ್ತಲೇ ಬಂಡೆಯ ಮೇಲಿದ್ದವರೆಲ್ಲ ದುಡುದುಡು ನೀರಿಗಿಳಿದರು. ನಾವಿಬ್ಬರೂ ಟಾವೆಲ್ಲು ಹೊದ್ದು ಮೇಲೆ ನಿಂತು, “ಇನ್ನೊಂದೀಟ ಆ ಕಡೆ ನೋಡ್ರಿ” ಎಂದು ದಾರಿ ತೋರಿಸಿದೆವು. ನಾಚಿಕೆಯೇನೋ ಆಯಿತು, ಆದರೆ ಈಜುವುದಕ್ಕಿಂತ ನಾಚುವುದು ಸುಲಭ.

ಮನೆಗೆ ಬಂದವರೇ ಬೀಗರು ಶಾಂತಾಳಿಗೆ, “ನಿಮ್ಮ ಯಜಮಾನ್ರು ಮೀನ ಬಿಡ್ರಿ!” ಎಂದರು. “ಬೀಗ್ರೇನ ಕಮ್ಮಿ? ಮೊಸಳಿ!” ಎಂದೆ ನಾನು. ಅವಳು ಇಬ್ಬರಿಗೂ ಸಮನಾಗಿ ಉಪ್ಪಿಟ್ಟು ಬಡಿಸಿದಳು. ಮಾನ ಉಳಿಯಿತು ಎಂದುಕೊಂಡೆ.

ಉಳಿದದ್ದು ಮರುದಿನ ಹಾಲು ಬರುವವರೆಗೆ. ಲಾಲಸಾಬ ಹಾಲು ಅಳೆಯುತ್ತ, “ಅಕ್ಕಾರ, ಸಾಹೇಬ್ರ ಉಂಗುರ ಇನ್ನೂ ಸಿಕ್ಕಿಲ್ರಿ. ಮಂದಿ ಇವತ್ತೂ ಹುಡಕಾಕತ್ತಾರ” ಎಂದ.

“ಇವರ ಉಂಗುರ ತಿಜೋರ್ಯಾಗ ಐತಲ್ಲೋ!” ಎಂದ ಶಾಂತಾ ನನ್ನ ಬರಿಬೆರಳು ನೋಡಿದಳು. “ಎಷ್ಟ ನೀರಾಗ ಬಿತ್ತಂತ?”

“ಎದಿಮಟ” ಎಂದೆ, ದನಿಯಲ್ಲಿ ಸಾಧ್ಯವಾದಷ್ಟು ಆಳ ತಂದುಕೊಂಡು.

“ನಮ್ಮ ಎಮ್ಮಿ ಎದಿಮಟ್ರಿ ಅಕ್ಕಾರ” ಎಂದು ಲಾಲಸಾಬ ಬಿಡಿಸಿ ಹೇಳಿದ. ಒಳಗೆ ಪಡಸಾಲೆಯಲ್ಲಿ ಬೀಗರು ಜೋರಾಗಿ ಕೆಮ್ಮಿದರು.

ಅವನು ಹೋದ ಮೇಲೆ, ನಾಳೆಯಿಂದ ಪ್ಯಾಕೆಟ್ ಹಾಲು ತರಿಸೋಣ ಎಂದು ಸೂಚಿಸಿದೆ. ಶಾಂತಾ ಪಾತ್ರೆ ಎತ್ತಿಕೊಂಡು ಒಳಗೆ ಹೊರಟವಳು ತಿರುಗಿ ನಿಂತಳು.

“ಯಾಕ್ರಿ? ನೀರಿನ ವಿಷಯದಾಗ ಖರೇ ಹೇಳಾಂವ ಅಂವ ಒಬ್ಬನ ಅದಾನ.”