ಲೇಥ್ ಮಿಸ್ತ್ರಿಯ ಕಂಪ್ಯೂಟರ್ ಪಾಠ

ಗದಗಿನಲ್ಲಿ ನಾನು ಕಂಪ್ಯೂಟರಿನ ಮೇಲೆ ಯಂತ್ರದ ಭಾಗಗಳನ್ನು ಬಿಡಿಸುವುದನ್ನು ಕಲಿಸುತ್ತೇನೆ. ಬರೀ ಗೆರೆಯ ನಕ್ಷೆಯಲ್ಲ, ಎಲ್ಲ ಮಗ್ಗುಲಿನಿಂದ ತಿರುಗಿಸಿ ನೋಡಬಹುದಾದ ಗಟ್ಟಿ ಆಕಾರಗಳು. ಪ್ರತಿ ಬ್ಯಾಚಿಗೂ ಪಾಠ ಅದೇ, ನಗು ಮಾತ್ರ ಪ್ರತಿ ಸಲ ಹೊಸ ಕಡೆಯಿಂದ ಬರುತ್ತದೆ. ಹೋದ ವರ್ಷ ಅದು ಬಂದದ್ದು ಬೆಟಗೇರಿಯ ಒಬ್ಬ ಲೇಥ್ ಮಿಸ್ತ್ರಿಯವರ ಕಡೆಯಿಂದ. ವಯಸ್ಸು ಐವತ್ತು ದಾಟಿತ್ತು; ಕಬ್ಬಿಣವನ್ನು ಗರಗರ ತಿರುಗಿಸಿ ಕೆತ್ತುವ ಯಂತ್ರವೇ ಲೇಥ್, ಅದರ ಮೇಲೇ ಅವರ ದುಡಿಮೆ. ಅವರ ವರ್ಕ್‌ಶಾಪಿಗೆ ಕಂಪ್ಯೂಟರಿನಿಂದ ನಡೆಯುವ ಹೊಸ ಮಷೀನು ಬರುವುದಿತ್ತು. ಕಲಿತು ಬಂದರೆ ಅದು ನಿಮ್ಮ ಕೈಗೆ, ಇಲ್ಲದಿದ್ದರೆ ಹೊರಗಿನವರನ್ನು ತರುತ್ತೇನೆ ಎಂದು ಮಾಲಕರು ಹೇಳಿ ಕಳಿಸಿದ್ದರು.

ಟವೆಲ್ಲು

ಒಂದು ವಸ್ತುವಿನ ಅರ್ಧ ಅಂಚನ್ನು ಗೆರೆಯಲ್ಲಿ ಬಿಡಿಸಿ, ಅದನ್ನು ನಡುಗೆರೆಯ ಸುತ್ತ ತಿರುಗಿಸಿದರೆ ಪೂರ್ತಿ ವಸ್ತು ಆಗುತ್ತದೆ. ನಾನು ಬುಗುರಿಯ ಅರ್ಧ ಬಿಡಿಸಿ, ಈಗ ಇದು ತಿರುಗುತ್ತದೆ ನೋಡಿ ಎಂದೆ. ಮಿಸ್ತ್ರಿಯವರು ಕುರ್ಚಿ ಹಿಂದಕ್ಕೆ ಸರಿಸಿದರು. ಹೆಗಲ ಮೇಲಿನ ಟವೆಲ್ಲು ತೆಗೆದು ದೂರ ಇಟ್ಟರು. ತಿರುಗುವ ಲೇಥಿಗೆ ಬಟ್ಟೆ ಸಿಕ್ಕರೆ ಕೈಯೂ ಹೋಗುತ್ತದೆ, ಮೂವತ್ತು ವರ್ಷದ ರೂಢಿ. ಇದು ಕಂಪ್ಯೂಟರು, ಏನೂ ಆಗುವುದಿಲ್ಲ ಎಂದು ಸಮಾಧಾನ ಹೇಳಿದೆ.

"ನನಗ ಗೊತ್ತೈತ್ರಿ ಅಕ್ಕಾರ," ಅಂದರು, "ಟವೆಲ್ಲಿಗೆ ಗೊತ್ತಿಲ್ಲ."

ಲೋಟ

ಅವರ ಪಕ್ಕದ ಕಂಪ್ಯೂಟರಿನಲ್ಲಿ ಅಸುಂಡಿಯಿಂದ ಬಸ್ಸಿಗೆ ಬರುವ ಒಬ್ಬ ಹುಡುಗಿ ಕೂಡುತ್ತಿದ್ದಳು. ಆ ದಿನ ಲೋಟ ಮಾಡುವ ಪಾಠ. ಒಂದು ದಪ್ಪ ದುಂಡು ಕಂಬ, ಅದರೊಳಗೆ ತಳ ಬಿಟ್ಟು ಒಂದು ತೆಳು ಕಂಬ, ತೆಳು ಕಂಬ ಮೇಲೆ ತುಸು ಹೊರಗೆ ಚಾಚಿರಬೇಕು. ದಪ್ಪ ಕಂಬದಿಂದ ತೆಳು ಕಂಬವನ್ನು ಕಳೆದರೆ ಲೋಟ. ಮೊದಲು ಉಳಿಯುವುದನ್ನು ಒತ್ತಬೇಕು, ಆಮೇಲೆ ಹೋಗುವುದನ್ನು. ಹುಡುಗಿ ಉಲ್ಟಾ ಒತ್ತಿದಳು. ಲೋಟ ಮಾಯವಾಗಿ, ಮೇಲೆ ಚಾಚಿದ್ದ ತುಣುಕೊಂದು ಗಾಳಿಯಲ್ಲಿ ಬಿಲ್ಲೆಯ ಹಾಗೆ ನಿಂತಿತು. ಅವಳು ಗಾಬರಿಯಾಗಿ ಲೋಟ ಹೋಯಿತೆಂದಳು.

ಮಿಸ್ತ್ರಿಯವರು ಬಗ್ಗಿ ನೋಡಿದರು. "ಚಹಾನೂ ಹೋಗೇತಿ. ನೊರಿ ಅಷ್ಟ ಉಳದೈತಿ ನೋಡವಾ."

ತಪ್ಪು ತೂತು

ತೂತು ಕೊರೆಯುವುದನ್ನು ಹೇಳಿಕೊಟ್ಟ ದಿನ ಅವರು ಇಲಿಯನ್ನು ಹಿಡಿದಂತೆ ಮೌಸ್ ಹಿಡಿದು ಕೂತೇ ಇದ್ದರು. ತಪ್ಪಿದರೆ ಮಾಲು ಹಾಳಾಗುವುದಲ್ಲ ಎನ್ನುವ ಅಂಜಿಕೆ. ತಪ್ಪಿದರೆ ಹಿಂದಕ್ಕೆ ಬರಬಹುದು, ಎರಡು ಗುಂಡಿ ಒತ್ತಿದರೆ ತೂತು ತಾನೇ ಮುಚ್ಚುತ್ತದೆ ಎಂದು ತೋರಿಸಿದೆ. ಅವರು ಕುರ್ಚಿಯನ್ನು ತೆರೆಯ ಹತ್ತಿರಕ್ಕೆ ಎಳೆದುಕೊಂಡರು. ಅರ್ಧ ತಾಸು ಬಿಟ್ಟು ಬಂದು ನೋಡಿದರೆ ಅವರ ಕಬ್ಬಿಣದ ಗಟ್ಟಿ ಇಡ್ಲಿ ತಟ್ಟೆಯ ಹಾಗೆ ಆಗಿತ್ತು. ಮೂಲೆಯಲ್ಲಿ, ಅಂಚಿನಲ್ಲಿ, ಒಂದರ ಮೇಲೊಂದು ತೂತು. ಇದೇನಿದು ಎಂದು ಕೇಳಿದೆ.

"ಮೂವತ್ತು ವರ್ಷ ತಡಕೊಂಡಿದ್ದೆರಿ," ಅಂದರು.

ಪಾರ್ಸಲ್

ಕೊನೆಗೆ ಮಾಲಕರು ಖರೆ ಕೆಲಸವನ್ನೇ ಪರೀಕ್ಷೆಗೆ ಕೊಟ್ಟರು. ಮುಂಡರಗಿ ಕಡೆಯ ಖಾರದ ಗಿರಣಿಯೊಂದರ ಬುಶ್ ಸವೆದಿತ್ತು. ಬುಶ್ ಅಂದರೆ ನಡುವೆ ತೂತಿರುವ ದಪ್ಪ ಬಳೆ. ಅದನ್ನು ಕಂಪ್ಯೂಟರಿನಲ್ಲಿ ಮಾಡಬೇಕು, ಹುಬ್ಬಳ್ಳಿಯ ಅಂಗಡಿಯವರು ಆ ಕಂಪ್ಯೂಟರ್ ಆಕಾರದಿಂದಲೇ ಪ್ಲಾಸ್ಟಿಕ್ಕಿನ ಮಾದರಿ ತೆಗೆದು ಕಳಿಸುತ್ತಾರೆ. ಮಿಸ್ತ್ರಿಯವರು ಎರಡು ದಿನ ಕೂತು ಮಾಡಿದರು. ಆಕಾರ ನೋಡಿ ನನಗೇ ಹೆಮ್ಮೆಯಾಯಿತು. ಅಂಗಡಿಯವರು ಫೋನು ಮಾಡಿ ಅಳತೆ ಸರಿ ಇದೆಯೇ ಎಂದು ಕೇಳಿದಾಗ, ನೋಡದೆಯೇ ಸರಿ ಇದೆ ಎಂದುಬಿಟ್ಟೆ. ಮಿಸ್ತ್ರಿಯವರು ಹಾಕಿದ್ದು ಇಂಚಿನ ಲೆಕ್ಕ, ಕಂಪ್ಯೂಟರು ತಿಳಿದದ್ದು ಮಿಲಿಮೀಟರು. ತೆರೆಯ ಮೇಲೆ ಹಿಗ್ಗಿಸಿ ನೋಡಿದರೆ ಸಾಸಿವೆಯೂ ಕುಂಬಳಕಾಯಿಯಂತೆ ಕಾಣುತ್ತದೆ.

ಎರಡನೇ ಸಲದ ಮಾದರಿ ಗಿರಣಿಗೆ ಸರಿಯಾಗಿ ಕೂತಿತು, ಹೊಸ ಮಷೀನೂ ಅವರ ಕೈಗೇ ಬಂತು. ಆದರೆ ಮಷೀನು ಇವರಿಗೇ ಎಂದು ಮಾಲಕರು ಮನಸ್ಸು ಮಾಡಿದ್ದು ಮೊದಲನೇ ಪಾರ್ಸಲ್ ಬಿಚ್ಚಿದ ಗಳಿಗೆಯಲ್ಲೇ. ಆವತ್ತು ನಾನೂ ವರ್ಕ್‌ಶಾಪಿಗೆ ಹೋಗಿದ್ದೆ, ಅಲ್ಲಿಯವರೆಲ್ಲ ಕೆಲಸ ಬಿಟ್ಟು ಸುತ್ತ ನಿಂತಿದ್ದರು. ಮಾಲಕರು ಡಬ್ಬಿ ತೆರೆದರು, ಕಾಗದ ಬಂತು. ಇನ್ನೊಂದು ಕಾಗದ ಬಂತು. ಖಾಲಿ ಕಳಿಸಿದ್ದಾರೆಂದು ಅಲುಗಾಡಿಸಿದಾಗ ಜೋಳದ ಕಾಳಿನಂಥದ್ದೇನೋ ಟೇಬಲ್ಲಿನ ಮೇಲೆ ಉರುಳಿತು. ಮಾಲಕರು ಅದನ್ನು ಅಂಗೈಯಲ್ಲಿಟ್ಟುಕೊಂಡು ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದೆ. ಯಾರೂ ನಗಲಿಲ್ಲ. ಮಿಸ್ತ್ರಿಯವರು ಚಷ್ಮಾ ಹಾಕಿಕೊಂಡರು, ಕಾಳನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದರು, ಒಂದು ಕಣ್ಣು ಮುಚ್ಚಿ ಅದರೊಳಗೆ ಇಣುಕಿದರು.

"ತೂತು ಮಾತ್ರ ನಟ್ಟನಡುವ ಬಿದ್ದೈತ್ರಿ, ಮಾಲಕ್ರ," ಅಂದರು.