ನಾನಾ ಅರಾಬಾ ಅಜ್ಜಿಯ ನಗುವನ್ನು ಹಿಡಿದಿಟ್ಟುಕೊಂಡ ಕಂಪ್ಯೂಟರಿಗೆ

ಸಾಲ್ಟ್‌ಪಾಂಡ್ ಪೇಟೆಯ ನಮ್ಮ ಫೋಟೋ ಅಂಗಡಿಯ ಮೇಜನ್ನು ಬೆಳಗುತ್ತಿರುವ ಲಿನಕ್ಸ್ ಕಂಪ್ಯೂಟರ್ ಮಾನ್ಯರೇ,

ತಮ್ಮೆದುರು ಕುಳಿತು ಗದರುವ ಧೈರ್ಯ ನನಗಿಲ್ಲದ್ದರಿಂದ ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ. ಗಿರಾಕಿಗಳ ಪೆನ್‌ಡ್ರೈವಿನ ಯಾವ ವೈರಸ್ಸೂ ತಮ್ಮನ್ನು ಮುಟ್ಟದೆಂಬ ಕೀರ್ತಿ ಕೇಳಿಯೇ ತಮ್ಮನ್ನು ಬರಮಾಡಿಕೊಂಡೆವು. ತಮ್ಮ ಆರೋಗ್ಯದ ಬಗ್ಗೆ ನನ್ನ ದೂರಿಲ್ಲ.

ನಮ್ಮ ನಾನಾ ಅರಾಬಾ ಅಜ್ಜಿಯ ಅಕ್ಕ ತೀರಿಕೊಂಡಾಗ, ಮನೆಯವರು ಮತದಾರರ ಚೀಟಿಯಲ್ಲಿದ್ದ ಸಿಡುಕು ಮುಖವನ್ನೇ ದೊಡ್ಡದು ಮಾಡಿಸಿ ಸಾವಿನ ಪೋಸ್ಟರಿಗೆ ಹಾಕಿದ್ದರು. ಆ ಮುಖ ತಿಂಗಳುಗಟ್ಟಲೆ ಗೋಡೆಗೋಡೆಯಿಂದ ಊರನ್ನು ಗದರಿಸುತ್ತಿತ್ತು. ತನಗೆ ಆ ಗತಿ ಬಾರದಿರಲೆಂದು ಅಜ್ಜಿ ಈಗಲೇ ನಗುತ್ತಾ ಚಿತ್ರ ತೆಗೆಸಿಕೊಂಡು, "ನಾನು ನೋಡಿ ಒಪ್ಪೋ ತನಕ ನಂಗೆ ಸಾಯೋಕೂ ಪುರಸೊತ್ತಿಲ್ಲ ಕಣೇ" ಎಂದು ಎಲೆಯಲ್ಲಿ ಸುತ್ತಿದ ಜೋಳದ ಕಡುಬು ಕೆಂಕಿಯನ್ನು ಬಿಚ್ಚಿಕೊಂಡು ತಮ್ಮ ಮುಂದೆಯೇ ಕೂತರು.

ನಾನು ಕ್ಯಾಮೆರಾವನ್ನು ಯುಎಸ್‌ಬಿ ವೈರಿನಿಂದ ತಮಗೆ ಜೋಡಿಸಿದೆ. ಕೇಳುವ ಮೊದಲೇ ತಾವು ಅದನ್ನು ಅಪ್ಪಿಕೊಂಡು, ಖಾಲಿ ಚೌಕಗಳನ್ನಷ್ಟೇ ತೋರಿಸಿದಿರಿ. ಫೋಟೋ ಇಳಿಸುವ ಪ್ರೋಗ್ರಾಂ ತೆರೆದರೆ, "ಕ್ಯಾಮೆರಾ ಬೇರೊಬ್ಬರ ಬಳಕೆಯಲ್ಲಿದೆ" ಎಂದು ವಿನಯದಿಂದ ತಿಳಿಸಿದಿರಿ. ಅಂಗಡಿಯಲ್ಲಿದ್ದವರು ನಾನು, ಅಜ್ಜಿ ಮತ್ತು ತಾವು. ಒಂದು ಕೈಯಲ್ಲಿ ತಾವೇ ಹಿಡಿದುಕೊಂಡು, ಇನ್ನೊಂದು ಕೈಯಿಂದ "ಯಾರೋ ಹಿಡಿದಿದ್ದಾರೆ" ಎಂದು ಬೆರಳು ತೋರಿಸುವ ಈ ಕಲೆ ನಮ್ಮ ಪುರಸಭೆಯವರಿಗೂ ಇನ್ನೂ ಪೂರ್ತಿ ಒಲಿದಿಲ್ಲ. ದಯಮಾಡಿ ತಾವು ಅವರಿಗೆ ಸಂಜೆಪಾಠ ನಡೆಸಬೇಕು. ಅಷ್ಟರಲ್ಲಿ ಕಾದು ಬೇಸತ್ತ ಕ್ಯಾಮೆರಾ ನಿದ್ದೆಹೋಯಿತು. "ಅದೇ ಮೊದಲು ಸತ್ತೋಯ್ತಲ್ಲೇ! ಪೋಸ್ಟರು ಅದಕ್ಕೇ ಹಾಕ್ಸು" ಎಂದರು ಅಜ್ಜಿ.

ಕೊನೆಗೆ ಕ್ಯಾಮೆರಾವನ್ನು ಎಬ್ಬಿಸಿ, ಪರದೆಯಲ್ಲಿ ಅದರ ಹೆಸರಿನ ಪಕ್ಕದ, ಹಿಡಿತ ಬಿಡಿಸುವ ಪುಟ್ಟ ಬಾಣವನ್ನು ಒತ್ತಿದೆ. ತಾವು ಅಪ್ಪುಗೆ ಸಡಿಲಿಸಿದಿರಿ. ಪ್ರೋಗ್ರಾಂ ತೆರೆದೊಡನೆ ಅಜ್ಜಿಯ ನಗು ಪರದೆಯ ತುಂಬ ಹರಡಿತು. ಅಜ್ಜಿ ಬೆರಳು ಚೀಪುವುದನ್ನೂ ಮರೆತು ನೋಡಿದರು. "ಅಯ್ಯೋ, ಇವಳು ಸಂತೆಗೆ ಹೊರಟವಳ ಹಾಗಿದಾಳೆ! ಇದನ್ನ ಹಾಕಿದ್ರೆ ನನ್ನ ಸಾವಿಗೆ ಯಾರು ಅಳ್ತಾರೆ? ಶುಕ್ರವಾರ ಬರ್ತೀನಿ, ಇನ್ನೊಂದು ತೆಗಿ."

ತಮ್ಮ ವಿಶ್ವಾಸಿ, ತಾವು ಬಿಟ್ಟುಕೊಟ್ಟಷ್ಟರಲ್ಲೇ ಬದುಕುವ,
ಅಜೋವಾ ಮೆನ್ಸಿಮಾ

ಮರೆತ ಮಾತು: ಮೇಲೆ ಬರೆದ ದೂರನ್ನೆಲ್ಲ ಹಿಂದೆಗೆದುಕೊಂಡಿದ್ದೇನೆ. ಶುಕ್ರವಾರ ಅಜ್ಜಿ ನೋಡಿ ಒಪ್ಪಲು ಬಂದಾಗ ತಾವು ಕ್ಯಾಮೆರಾವನ್ನು ಇನ್ನೂ ಬಿಗಿಯಾಗಿ ಹಿಡಿದುಕೊಳ್ಳಬೇಕು. ಬಾಣದ ಗುರುತು ಎಲ್ಲಿದೆಯೆಂದು ನಾನು ಅಜ್ಜಿಗೆ ಹೇಳಿಲ್ಲ.